ತೂಬು ಯಾರ ಕೈಯಲ್ಲಿ?

ಊರಿನ ಹೆಸರುಗಳಲ್ಲಿ ಅನೇಕ ವೇಳೆ ಮರೆತುಹೋದ ಬಾಳಿನ ನೆನಪು ಉಳಿದಿರುತ್ತದೆ. ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯ ಮೇಲಿರುವ ಕೋಣನಕುಂಟೆ ಅಂತಹ ಒಂದು ಹೆಸರು. ಕುಂಟೆಯೆಂದರೆ ಕೆರೆಗಿಂತ ಚಿಕ್ಕದು, ಕಟ್ಟೆಗಿಂತಲೂ ಕಿರಿದು. ಮಳೆಯ ನೀರು ತಂಗಿ ದನಕರುಗಳ ಬಾಯಾರಿಕೆಯನ್ನು ನೀಗುವ ತಗ್ಗು. ಒಂದು ಕಾಲಕ್ಕೆ ಉತ್ತರಹಳ್ಳಿ ಹೋಬಳಿಯ ಹಳ್ಳಿಯಾಗಿದ್ದ ಈ ಊರು ಈಗ ಮಹಾನಗರದೊಳಗೆ ಸೇರಿಹೋಗಿದೆ. 2021ರ ಜನವರಿಯಲ್ಲಿ ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಮೆಟ್ರೋ ಮಾರ್ಗವನ್ನು ಮುಂದುವರಿಸಿದಾಗ ಕೋಣನಕುಂಟೆ ಕ್ರಾಸ್ ಆ ಹೊಸ ಮಾರ್ಗದ ಮೊದಲ ನಿಲ್ದಾಣವಾಯಿತು. ಅಲ್ಲಿ ಹತ್ತಿ ಇಳಿಯುವ ತರುಣ ತರುಣಿಯರ ಕೈಯಲ್ಲಿ ಫೋನು ಇರುವುದಷ್ಟೆ. ಆ ಫೋನಿನಲ್ಲಿ ಹರಿಯುವುದು ಬೇರೊಂದು ಬಗೆಯ ನೀರು. ಅದು ಮೆಚ್ಚುಗೆಯ ನೀರು. ಹಳೆಯ ಕುಂಟೆಯ ನೀರಿನಂತೆ ಅದೂ ಹತ್ತು ಮಂದಿಗೆ ಸೇರಿದ್ದು. ಅದಕ್ಕೂ ಹಂಚಿಕೆಯ ನ್ಯಾಯ ಬೇಕು.

ಮೆಚ್ಚುಗೆ ಬರಿಯ ಮೆಚ್ಚುಗೆಯಾಗಿದ್ದ ಕಾಲ ಕಳೆಯಿತು. ಈಗ ಅದು ಹಣವಾಗಿ ಪರಿವರ್ತಿತವಾಗುತ್ತದೆ. ಯೂಟ್ಯೂಬ್ ಸಂಸ್ಥೆ 2007ರಿಂದಲೇ ಜಾಹೀರಾತಿನ ಆದಾಯದಲ್ಲಿ ಪಾಲು ಕೊಡಲು ಆರಂಭಿಸಿತ್ತು; 2018ರಲ್ಲಿ ಆ ಪಾಲಿಗೆ 1000 ಚಂದಾದಾರರು, ವರ್ಷದಲ್ಲಿ 4000 ಗಂಟೆಗಳ ವೀಕ್ಷಣೆ ಎಂಬ ಹೊಸ್ತಿಲನ್ನು ಇಟ್ಟಿತು. ಮೊದಲು ಟ್ವಿಟರ್ ಎನಿಸಿಕೊಂಡಿದ್ದ ಎಕ್ಸ್ 2023ರ ಜುಲೈಯಲ್ಲಿ ತನ್ನಲ್ಲಿ ಬರೆಯುವವರಿಗೆ ಜಾಹೀರಾತಿನ ಹಣ ಹಂಚತೊಡಗಿತು. ಹೀಗೆ ಹಣ ಬಂದ ಕಡೆ ಸುಳ್ಳು ಬರುತ್ತದೆ, ಒಬ್ಬರ ಬರೆಹವನ್ನು ಇನ್ನೊಬ್ಬರು ಕದಿಯುವುದು ಬರುತ್ತದೆ, ಬೈಗುಳ ಬರುತ್ತದೆ. ಅವನ್ನು ತಡೆಯಲು ಕಾವಲು ಬೇಕು. ಆ ಕಾವಲನ್ನು ದೂರದ ಕಛೇರಿಯ ನೌಕರರೂ ಯಂತ್ರಗಳೂ ಪೂರ್ತಿಯಾಗಿ ಮಾಡಲಾರರು; ಅಲ್ಲಿ ಬರೆಯುವ, ಓದುವ ಜನರೇ ಪಾಲುಗೊಳ್ಳಬೇಕಾಗುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಕಮ್ಯೂನಿಟಿ ಮಾಡರೇಷನ್ ಎಂದು ಹೆಸರು. ಸಮುದಾಯ ತನ್ನ ಮಾತಿಗೆ ತಾನೇ ಕಾವಲು ನಿಲ್ಲುವುದು ಎಂದು ನಾವು ತಿಳಿದುಕೊಳ್ಳಬಹುದು.

ಆದರೆ ಕಾವಲುಗಾರನೂ ಮನುಷ್ಯನೇ. ಜೇನು ಕಿತ್ತವನು ಕೈ ನೆಕ್ಕದೆ ಇರುತ್ತಾನೆಯೆ ಎಂಬ ಗಾದೆ ನಮ್ಮಲ್ಲಿದೆ. ಬಹುಮಾನವಿರುವ ಕಡೆ ತೀರ್ಪು ಕೊಡುವವನ ಕೈಗೂ ಜೇನು ಅಂಟುತ್ತದೆ. ಆದ್ದರಿಂದ ಇಂತಹ ತಾಣಗಳಲ್ಲಿ ನ್ಯಾಯವಾದ ಕಾವಲನ್ನು ಪ್ರೋತ್ಸಾಹಿಸುವುದು ಹೇಗೆಂಬ ಪ್ರಶ್ನೆ, ಕೊನೆಗೆ ಕಾವಲುಗಾರನ ಕೂಲಿ ಎಲ್ಲಿಂದ ಬರಬೇಕೆಂಬ ಪ್ರಶ್ನೆಯೇ ಆಗುತ್ತದೆ. ವಿಷಯ ಹೊಸದು, ಪ್ರಶ್ನೆ ಮಾತ್ರ ತೀರ ಹಳೆಯದು. ನಮ್ಮ ಕೆರೆಗಳ ಕೆಳಗೆ ಅದಕ್ಕೊಂದು ಉತ್ತರವೂ ಹುಟ್ಟಿತ್ತು.

ನೀರಗಂಟಿಯ ಪಾಲು

ಹಳೆಯ ಮೈಸೂರು ಸೀಮೆಯಲ್ಲಿ ಕೆರೆಯುಳ್ಳ ಊರಿಗೆ ನೀರಗಂಟಿ ಎಂಬವನಿರುತ್ತಿದ್ದ. ಗೌಡ, ಶಾನುಭೋಗ, ತಳವಾರ, ತೋಟಿ ಮೊದಲಾದವರ ಸಾಲಿನಲ್ಲಿ ಅವನೂ ಊರಿನ ಹನ್ನೆರಡು ಆಯಗಾರರಲ್ಲಿ ಒಬ್ಬ. 1810ರಲ್ಲಿ ಪ್ರಕಟವಾಗತೊಡಗಿದ ಮಾರ್ಕ್ ವಿಲ್ಕ್ಸನ ಮೈಸೂರು ಇತಿಹಾಸದಲ್ಲಿಯೂ ಈ ಆಯಗಾರರ ಪಟ್ಟಿಯಲ್ಲಿ ನೀರಗಂಟಿಯ ಹೆಸರು ಬಂದಿದೆ. ತೂಬನ್ನು ತೆರೆಯುವುದು, ಮುಚ್ಚುವುದು, ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರು ಎಂದು ಗೊತ್ತುಮಾಡುವುದು, ಮಳೆಗಾಲದ ರಾತ್ರಿಗಳಲ್ಲಿ ಏರಿಯ ಮೇಲೆ ಕಣ್ಣಿಡುವುದು ಅವನ ಕೆಲಸ. ತೂಬಿಗೆ ಹತ್ತಿರವಿರುವ ಗದ್ದೆಯವನಿಗೆ ನೀರು ತಾನಾಗಿ ಹರಿದುಬರುತ್ತದೆ. ಅಚ್ಚುಕಟ್ಟಿನ ಕಡೆಯ ಗದ್ದೆಯವನಿಗೆ ನೀರು ಬರುವುದು ನೀರಗಂಟಿಯ ಧರ್ಮದಿಂದ. ಬರಗಾಲದಲ್ಲಂತೂ ಅವನ ಒಂದು ಮಾತು ಒಂದು ಮನೆಯ ವರ್ಷದ ಅನ್ನ.

ಇಷ್ಟು ಅಧಿಕಾರವುಳ್ಳವನಿಗೆ ಕೂಲಿ ಹೇಗೆ ಸಲ್ಲುತ್ತಿತ್ತೆಂಬುದನ್ನು ಗಮನಿಸಬೇಕು. ತೂಬು ತೆರೆದ ಒಂದೊಂದು ಸಲಕ್ಕೂ ಆ ಗದ್ದೆಯವನು ಅವನಿಗೆ ಹಣ ಕೊಡುವ ಪದ್ಧತಿ ಇರಲಿಲ್ಲ. ಸುಗ್ಗಿಯಲ್ಲಿ ಕಾಳು ಕಣಕ್ಕೆ ಬಂದಾಗ ರೈತರು ಅವನಿಗೆ ಆಯ ಕೊಡುತ್ತಿದ್ದರು; ಕೆಲವು ಊರುಗಳಲ್ಲಿ ಇನಾಂ ಭೂಮಿಯೂ ಇರುತ್ತಿತ್ತು. ಅಂದರೆ ಇಡೀ ಅಚ್ಚುಕಟ್ಟು ಬೆಳೆದರೆ ಅವನ ಪಾಲು ಹೆಚ್ಚು. ಕಡೆಯ ಗದ್ದೆ ಒಣಗಿದರೆ ಅವನಿಗೂ ಅಷ್ಟು ನಷ್ಟ. ಅವನ ಲಾಭ ಯಾವನೋ ಒಬ್ಬನ ಓಲೈಕೆಯಲ್ಲಿರದೆ ಎಲ್ಲರ ಫಸಲಿನಲ್ಲಿ ಇತ್ತು. ಕೆರೆಯನ್ನು ಕಟ್ಟಿಸಿದವರಿಗೂ ಕಾಪಾಡಿದವರಿಗೂ ಸಲ್ಲುತ್ತಿದ್ದ ಬಿತ್ತುವಟ್ಟ, ಕೆರೆಗೊಡಗೆ ಎಂಬ ದತ್ತಿಗಳು ನಮ್ಮ ಶಾಸನಗಳಲ್ಲಿ ಬರುತ್ತವೆ. ಆ ಮಾತುಗಳ ಹಿಂದಿರುವ ವಿವೇಕವೂ ಇದೇ: ಸಾರ್ವಜನಿಕ ವಸ್ತುವನ್ನು ಕಾಯುವವನಿಗೆ ಗೌರವದ ಪಾಲು ಇರಲಿ, ಆ ಪಾಲು ಆ ವಸ್ತುವಿನ ಕ್ಷೇಮದಿಂದಲೇ ಬರಲಿ.

ಹೀಗೆಂದ ಮಾತ್ರಕ್ಕೆ ಅದನ್ನು ಸುವರ್ಣಯುಗವೆಂದು ಹೊಗಳಬೇಕಾಗಿಲ್ಲ. ಊರಿನ ಸಮಾಜದಲ್ಲಿದ್ದ ಜಾತಿಯ ಮೇಲುಕೀಳು ಕೆರೆಯ ಕೆಳಗೂ ಇತ್ತು. ಬಲವಂತನ ದನಿ ತೂಬಿನವರೆಗೂ ಕೇಳಿಸುತ್ತಿತ್ತು. ಆದರೂ ಕೂಲಿಯನ್ನೂ ತೀರ್ಪನ್ನೂ ಬೇರೆ ಬೇರೆಯಾಗಿಟ್ಟ ಆ ಏರ್ಪಾಡಿನಲ್ಲಿ ಒಂದು ತತ್ತ್ವವಿದೆ. ಆ ತತ್ತ್ವವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ನಮ್ಮ ಕಾಲವೇ ಉದಾಹರಣೆಗಳನ್ನು ಕೊಟ್ಟಿದೆ.

ಮತಕ್ಕೆ ಬೆಲೆ ಬಂದಾಗ

2016ರಲ್ಲಿ ಸ್ಟೀಮಿಟ್ ಎಂಬ ತಾಣ ಅಮೆರಿಕದಲ್ಲಿ ಹುಟ್ಟಿತು. ಬರೆದವರಿಗೆ ಓದುಗರ ಮೆಚ್ಚುಗೆಯ ಪ್ರಕಾರ ಸ್ಟೀಮ್ ಎಂಬ ಕ್ರಿಪ್ಟೋ ನಾಣ್ಯದಲ್ಲಿ ಸಂಭಾವನೆ ಕೊಡುವುದು ಅದರ ಉದ್ದೇಶ. ಬರೆದವರಿಗೆ ಮಾತ್ರವಲ್ಲ, ಮೆಚ್ಚಿ ಮತ ಹಾಕಿದವರಿಗೂ ಆ ಬರೆಹದ ಗಳಿಕೆಯಲ್ಲಿ ಒಂದು ಭಾಗ ಸಲ್ಲುತ್ತಿತ್ತು. ಒಳ್ಳೆಯ ಬರೆಹವನ್ನು ಹುಡುಕಿ ತೆಗೆಯುವವರಿಗೂ ಶ್ರಮದ ಫಲ ಸಿಗಲಿ ಎಂಬುದು ಒಳ್ಳೆಯ ಭಾವನೆಯೇ. ಆದರೆ ಮತದ ತೂಕ ಮತದಾರನಲ್ಲಿದ್ದ ನಾಣ್ಯದ ಮೊತ್ತಕ್ಕೆ ತಕ್ಕಂತೆ ಇತ್ತು. ಹಣವಂತನ ಒಂದು ಮತ ಬಡವರ ಸಾವಿರ ಮತಗಳನ್ನು ಮೀರಿಸಬಹುದಾಗಿತ್ತು.

ಇದರಿಂದ ಆದದ್ದೇನು? ಬರೆಹವನ್ನು ಓದದೆಯೇ, ಯಾವುದು ಹೆಚ್ಚು ಗಳಿಸೀತೆಂದು ಲೆಕ್ಕ ಹಾಕಿ ಯಂತ್ರಗಳ ಮೂಲಕ ಮತ ಹಾಕುವವರು ಹೊರಟರು. ಮತವನ್ನು ಬಾಡಿಗೆಗೆ ಕೊಡುವ ವ್ಯಾಪಾರವೇ ಬೆಳೆಯಿತು. ಲೇಖಕನೇ ಹಣ ತೆತ್ತು ತನ್ನ ಬರೆಹಕ್ಕೆ ಮತಗಳನ್ನು ಕೊಳ್ಳತೊಡಗಿದ. ಕಳಪೆಯನ್ನು ಕೆಳಗಿಳಿಸಲು ವಿರೋಧದ ಮತವೂ ಇತ್ತೆನ್ನಿ. ಆದರೆ ವಿರೋಧಿಸಲು ಬಳಸಿದ ಶಕ್ತಿ ಮೆಚ್ಚುಗೆಯಿಂದ ಬರಬಹುದಾಗಿದ್ದ ಗಳಿಕೆಯನ್ನು ಕಡಮೆಮಾಡುತ್ತಿತ್ತು. ಎದುರಾಳಿ ಸೇಡು ತೀರಿಸಿಕೊಳ್ಳುವ ಭಯವೂ ಇತ್ತು. 2019ರ ಆಗಸ್ಟಿನಲ್ಲಿ ನಿಯಮಗಳನ್ನು ಬದಲಾಯಿಸಿ ವಿರೋಧದ ಮತಕ್ಕೆ ಪ್ರತ್ಯೇಕವಾದ ಶಕ್ತಿಯನ್ನು ಕೊಟ್ಟರು. ಮತದಾರರ ಪಾಲನ್ನು ಅರ್ಧಕ್ಕೆ ಏರಿಸಿದರು. ಕೊಂಡ ಮತಗಳ ಹಾವಳಿ ತಗ್ಗಿತು. ಆದರೆ ಹಿರಿಯ ನಾಣ್ಯವಂತರ ವೈಮನಸ್ಯದಲ್ಲಿ ಚಿಕ್ಕ ಲೇಖಕರ ಗಳಿಕೆ ಒಮ್ಮೆಲೇ ಇಲ್ಲವಾಗುವ ದೂರುಗಳು ನಿಲ್ಲಲಿಲ್ಲ. 2020ರಲ್ಲಿ ಆ ಸಂಸ್ಥೆ ಬೇರೆಯವರ ಕೈಗೆ ಮಾರಾಟವಾದಾಗ ಸಮುದಾಯದ ಒಂದು ದೊಡ್ಡ ಭಾಗ ಸಿಡಿದು ಮಾರ್ಚ್ 20ರಂದು ಹೈವ್ ಎಂಬ ಬೇರೆ ಮನೆ ಕಟ್ಟಿಕೊಂಡಿತು.

ಇಲ್ಲಿ ಜನ ಕೆಟ್ಟವರಾಗಿದ್ದರೆಂದು ಹೇಳುವುದು ಸುಲಭ. ಏರ್ಪಾಡೇ ಅವರನ್ನು ಆ ದಾರಿಗೆ ಎಳೆಯಿತೆಂಬುದು ಹೆಚ್ಚು ನಿಜ. ತೂಬು ತೆರೆದ ಪ್ರತಿಯೊಂದು ಸಲಕ್ಕೂ ನೀರಗಂಟಿಗೆ ಆ ಗದ್ದೆಯಿಂದಲೇ ಕಾಸು ಸಿಗುವಂತೆ ಮಾಡಿದ್ದರೆ ಕಡೆಯ ಗದ್ದೆಯ ಗತಿ ಏನಾಗುತ್ತಿತ್ತೋ, ಸ್ಟೀಮಿಟ್ಟಿನಲ್ಲಿ ಹೊಸ ಲೇಖಕರ ಗತಿ ಬಹುಮಟ್ಟಿಗೆ ಅದೇ ಆಯಿತು.

ಕನ್ನಡದ ಕಣದಲ್ಲಿ

ಇದು ದೂರದ ಕಥೆಯೆಂದು ನಾವು ಸುಮ್ಮನಿರುವಂತಿಲ್ಲ. ಕನ್ನಡ ವಿಕಿಪೀಡಿಯ 2003ರ ಜೂನ್ ತಿಂಗಳಲ್ಲಿ ಆರಂಭವಾಯಿತು. ಅದು ಹರಟೆಯ ತಾಣವಲ್ಲ, ವಿಶ್ವಕೋಶ. ಆದರೆ ಸಮುದಾಯವೇ ಬರೆದು ಸಮುದಾಯವೇ ಕಾಯುವ ಪದ್ಧತಿಗೆ ಕನ್ನಡದಲ್ಲಿ ಅದಕ್ಕಿಂತ ದೀರ್ಘವಾದ ಅನುಭವ ಇನ್ನೊಂದಿಲ್ಲವೆನ್ನಬಹುದು. ಅಲ್ಲಿ ಬರೆಯುವವರಿಗೆ ಸಂಬಳವಿಲ್ಲ. ತಿದ್ದುವ, ಅಳಿಸುವ, ಕಿಡಿಗೇಡಿಗಳನ್ನು ತಡೆಯುವ ನಿರ್ವಾಹಕರಿಗೂ ಸಂಬಳವಿಲ್ಲ.

ಈ ಕಣದೊಳಕ್ಕೆ 2009ರ ಸುಮಾರಿಗೆ ಹಣ ಬಂತು. ಗೂಗಲ್ ಸಂಸ್ಥೆ ಕನ್ನಡ, ತಮಿಳು, ತೆಲುಗು, ಬಂಗಾಳಿ ಮೊದಲಾದ ಭಾಷೆಗಳ ವಿಕಿಪೀಡಿಯಗಳಿಗೆ ಇಂಗ್ಲಿಷ್ ಲೇಖನಗಳನ್ನು ತನ್ನ ಅನುವಾದ ಸಾಧನದ ನೆರವಿನಿಂದ ತರ್ಜುಮೆ ಮಾಡಿಸಿ ಸೇರಿಸುವ ಯೋಜನೆಯನ್ನು ಕೈಗೊಂಡಿತು. ಅನುವಾದಕರಿಗೆ ಸಂಭಾವನೆ ಇತ್ತು. ಲೇಖನಗಳೇನೋ ಉದ್ದವಾಗಿದ್ದವು, ಆದರೆ ಅನೇಕವು ಕನ್ನಡದ ಓದುಗ ಬಯಸದ ವಿಷಯಗಳವು, ಕನ್ನಡದ ಜಾಯಮಾನಕ್ಕೆ ಒಗ್ಗದ ವಾಕ್ಯಗಳವು. ಹಣ ಪಡೆದವರು ಲೇಖನ ಸೇರಿಸಿ ಮುಂದೆ ಹೋದರು. ಅದನ್ನು ಓದುವಂತೆ ಮಾಡುವ ಹೊರೆ ಹಣ ಪಡೆಯದ ಕೆಲವೇ ಮಂದಿಯ ಹೆಗಲಿಗೆ ಬಿತ್ತು. ಬಂಗಾಳಿಯ ಸಮುದಾಯ ಅಂತಹ ಲೇಖನಗಳನ್ನು ನಿರಾಕರಿಸಿತು. ತಮಿಳಿನವರು ಸಂಸ್ಥೆಯೊಡನೆ ಮಾತುಕತೆಗೆ ಕುಳಿತು, ಗುಣವನ್ನು ತಿದ್ದುವ ಷರತ್ತುಗಳನ್ನು ಮುಂದಿಟ್ಟರು. ಕನ್ನಡದಲ್ಲಿ ಅಂದು ಕಾವಲಿಗೆ ನಿಲ್ಲುವ ಕೈಗಳು ಕಡಮೆಯಾಗಿದ್ದವು. 2011ರಲ್ಲಿ ಯೋಜನೆ ನಿಂತಿತು. ಅದು ಬಿಟ್ಟುಹೋದ ಲೇಖನಗಳನ್ನು ತಿದ್ದುವ ಕೆಲಸ ಮಾತ್ರ ಬಹುಕಾಲ ಉಳಿಯಿತು.

ಅದೇ 2011ರಲ್ಲಿ ಪುಣೆಯ ಕೆಲವು ಕಾಲೇಜುಗಳಲ್ಲಿ ನಡೆದ ಪ್ರಯೋಗವನ್ನು ಅಧ್ಯಾಪಕರು ವಿಶೇಷವಾಗಿ ನೆನೆಯಬೇಕು. ವಿದ್ಯಾರ್ಥಿಗಳು ಪಾಠದ ಭಾಗವಾಗಿ ಇಂಗ್ಲಿಷ್ ವಿಕಿಪೀಡಿಯಕ್ಕೆ ಬರೆಯಬೇಕೆಂಬ ಏರ್ಪಾಡು ಅದು. ಇಲ್ಲಿಯ ಬಹುಮಾನ ಹಣವಲ್ಲ, ಅಂಕ. ಬಹಳ ಮಂದಿ ಪುಸ್ತಕಗಳಿಂದಲೂ ಜಾಲತಾಣಗಳಿಂದಲೂ ಯಥಾವತ್ತಾಗಿ ನಕಲು ಮಾಡಿ ಸೇರಿಸಿದರು. ದೇಶದೇಶಗಳ ಸ್ವಯಂಸೇವಕರು ಒಂದೊಂದನ್ನೂ ಪರಿಶೀಲಿಸಿ ತೆಗೆಯಬೇಕಾಯಿತು. ಆ ವರ್ಷ ಮುಗಿಯುವುದರೊಳಗೆ ಪ್ರಯೋಗವನ್ನು ನಿಲ್ಲಿಸಿದರು. ವಿದ್ಯಾರ್ಥಿಗಳನ್ನು ಮಾತ್ರ ದೂರಿ ಫಲವಿಲ್ಲ. ಬರೆದದ್ದಕ್ಕೆ ಅಂಕವಿದ್ದು, ತಿದ್ದಿದ್ದಕ್ಕೆ, ಗೆಳೆಯನ ತಪ್ಪನ್ನು ಸೌಜನ್ಯದಿಂದ ತೋರಿಸಿದ್ದಕ್ಕೆ ಏನೂ ಇಲ್ಲವೆಂದಾದರೆ ತರಗತಿಯೂ ಒಂದು ಚಿಕ್ಕ ಸ್ಟೀಮಿಟ್ಟೇ ಆಗುತ್ತದೆ.

ಹಣವನ್ನು ಪೂರ್ತಿ ಹೊರಗಿಡುವುದು ಸಾಧ್ಯವಿಲ್ಲವೆಂಬುದನ್ನು ವಿಕಿಪೀಡಿಯದವರೂ ಅರಿತರು. 2014ರ ಜೂನ್‌ನಲ್ಲಿ ಬಳಕೆಯ ನಿಯಮಗಳನ್ನು ತಿದ್ದಿ, ಸಂಭಾವನೆ ಪಡೆದು ಬರೆಯುವವನು ಯಾರಿಂದ ಪಡೆಯುತ್ತಿದ್ದೇನೆಂಬುದನ್ನು ಬಹಿರಂಗವಾಗಿ ಹೇಳಬೇಕೆಂದು ಗೊತ್ತುಮಾಡಿದರು. ಇದು ಕಿರಿದಾದರೂ ಸರಿಯಾದ ಹೆಜ್ಜೆ. ಲಾಭವನ್ನು ಮುಚ್ಚಿಟ್ಟುಕೊಂಡವನ ಮಾತಿಗೂ, ಹೇಳಿಕೊಂಡವನ ಮಾತಿಗೂ ಓದುಗ ಬೇರೆ ಬೇರೆ ತೂಕ ಕೊಡಬಲ್ಲ.

ತೀರ್ಪಿಗೆ ತೆರುವ ಬೆಲೆ

ಒಳ್ಳೆಯ ಏರ್ಪಾಡುಗಳೂ ಇಲ್ಲದಿಲ್ಲ. ಬೆಂಗಳೂರಿನ ತಂತ್ರಜ್ಞರಿಗೆಲ್ಲ ಪರಿಚಿತವಾದ ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರ ತಾಣ 2008ರಲ್ಲಿ ಆರಂಭವಾದದ್ದು. ಅಲ್ಲಿ ಬಹುಮಾನ ಹಣವಲ್ಲ, ಅಂಕಗಳ ರೂಪದ ಕೀರ್ತಿ. ಒಬ್ಬನ ಉತ್ತರ ತಪ್ಪೆಂದು ನೀವು ಕೆಳಮತ ಹಾಕಿದರೆ ಅವನಿಗೆ ಎರಡು ಅಂಕ ಕಳೆಯುತ್ತದೆ. ಹಾಕಿದ ನಿಮಗೂ ಒಂದು ಅಂಕ ಕಳೆಯುತ್ತದೆ. ಖಂಡನೆ ಪುಕ್ಕಟೆಯಾಗಬಾರದು, ಆದರೆ ಅಸಾಧ್ಯವೂ ಆಗಬಾರದು ಎಂಬ ಈ ಸಣ್ಣ ನಿಯಮದಲ್ಲಿ ದೊಡ್ಡ ನೀತಿಯಿದೆ. ತೀರ್ಪಿನಿಂದ ಗಳಿಸುವುದಕ್ಕೂ ತೀರ್ಪಿಗಾಗಿ ಒಂದಿಷ್ಟು ತೆರುವುದಕ್ಕೂ ಇರುವ ಅಂತರವೇ ವ್ಯಾಪಾರಕ್ಕೂ ಹೊಣೆಗಾರಿಕೆಗೂ ಇರುವ ಅಂತರ. ವಿಶೇಷಾಧಿಕಾರವುಳ್ಳ ಕಾವಲುಗಾರರನ್ನು ಅಲ್ಲಿ ಸಮುದಾಯವೇ ಚುನಾಯಿಸುತ್ತದೆ. ಅವರು ವೇತನವಿಲ್ಲದೆ ದುಡಿಯುತ್ತಾರೆ.

ಎಕ್ಸ್ ತಾಣದ ಸಮುದಾಯ ಟಿಪ್ಪಣಿಗಳು ಇನ್ನೊಂದು ಉದಾಹರಣೆ. 2021ರ ಜನವರಿಯಲ್ಲಿ ಅಮೆರಿಕದಲ್ಲಿ ಆರಂಭವಾಗಿ 2024ರ ಏಪ್ರಿಲ್‌ನಲ್ಲಿ ಭಾರತದ ಬಳಕೆದಾರರನ್ನೂ ಸೇರಿಸಿಕೊಂಡ ಪದ್ಧತಿ ಇದು. ದಾರಿ ತಪ್ಪಿಸುವ ಬರೆಹದ ಕೆಳಗೆ ಸಾಮಾನ್ಯ ಬಳಕೆದಾರರು ಟಿಪ್ಪಣಿ ಬರೆಯುತ್ತಾರೆ. ಅದು ಎಲ್ಲರಿಗೂ ಕಾಣಬೇಕಾದರೆ ಹೆಚ್ಚು ಮತ ಬಂದರೆ ಸಾಲದು. ಸಾಮಾನ್ಯವಾಗಿ ಪರಸ್ಪರ ಒಪ್ಪದ ಎರಡು ಪಂಗಡದವರೂ ಅದನ್ನು ಉಪಯುಕ್ತವೆಂದು ಹೇಳಬೇಕು. 2023ರ ಅಕ್ಟೋಬರ್‌ನಲ್ಲಿ ಅದರ ಒಡೆಯ ಇಲಾನ್ ಮಸ್ಕ್, ಟಿಪ್ಪಣಿಯಿಂದ ತಿದ್ದಲ್ಪಟ್ಟ ಬರೆಹಕ್ಕೆ ಜಾಹೀರಾತಿನ ಪಾಲು ಸಿಗುವುದಿಲ್ಲವೆಂದು ಸಾರಿದ. ಒಡನೆಯೇ ಟಿಪ್ಪಣಿಗೆ ಹಣದ ಪರಿಣಾಮ ಬಂತು. ಎದುರಾಳಿಯ ಗಳಿಕೆಯನ್ನು ಕೆಡಿಸುವ ಆಯುಧವಾಗಿ ಅದನ್ನು ಬಳಸುವ ಆಸೆಗೂ ಎಡೆಯಾಯಿತು. ಎರಡು ಪಂಗಡದ ಒಪ್ಪಿಗೆ ಬೇಕೆಂಬ ನಿಯಮ ಆ ಆಸೆಗೆ ಕಡಿವಾಣ. ಈ ಪದ್ಧತಿಯಲ್ಲಿಯೂ ಕೊರತೆಗಳುಂಟು: ಬಹುಪಾಲು ಟಿಪ್ಪಣಿಗಳು ಬೆಳಕು ಕಾಣುವುದಿಲ್ಲ, ಕಾಣುವ ಹೊತ್ತಿಗೆ ಸುಳ್ಳು ಊರೆಲ್ಲ ಸುತ್ತಿ ಬಂದಿರುತ್ತದೆ. ಆದರೂ ಬರೆದವನ ಗಳಿಕೆ ನಿಂತರೂ ಟಿಪ್ಪಣಿಕಾರನಿಗೆ ಅದರಿಂದ ಕಾಸು ದೊರೆಯುವುದಿಲ್ಲ ಎಂಬ ಒಂದು ಅಂಶ ನೀರಗಂಟಿಯ ಧರ್ಮಕ್ಕೆ ಹತ್ತಿರವಾದದ್ದು.

ಯಾರ ಕನ್ನಡ ತಪ್ಪು?

ಕನ್ನಡಿಗರಿಗೆ ಈ ಪ್ರಶ್ನೆಯಲ್ಲಿ ಇನ್ನೊಂದು ವಿಶೇಷ ತೊಡಕಿದೆ. ಧಾರವಾಡದ ಗೆಳೆಯರು ಪರಸ್ಪರ ‘ಲೇ’ ಎಂದು ಕರೆದುಕೊಂಡರೆ ಅದು ಸಲಿಗೆ. ಮೈಸೂರಿನ ಕಡೆಯ ಓದುಗನ ಕಿವಿಗೆ ಅದೇ ಮಾತು ಅವಮರ್ಯಾದೆ. ಕಲಬುರಗಿಯ, ಕುಂದಾಪುರದ, ಕಾಸರಗೋಡಿನ ಕನ್ನಡಗಳಿಗೆ ತಮ್ಮ ತಮ್ಮ ಸೊಗಸಿದೆ. ಪಠ್ಯಪುಸ್ತಕದ ಕನ್ನಡವನ್ನಷ್ಟೇ ಬಲ್ಲವನು ಕಾವಲಿಗೆ ನಿಂತರೆ ಅವೆಲ್ಲ ಅವನ ಕಣ್ಣಿಗೆ ದೋಷಗಳು. ಬಹುಮಾನವಿಲ್ಲದ ಕಡೆ ಇಂತಹ ಅಳಿಸುವಿಕೆ ಮನಸ್ಸನ್ನು ನೋಯಿಸುತ್ತದೆ. ಬಹುಮಾನವಿರುವ ಕಡೆ ಅದು ಹೊಟ್ಟೆಯ ಮೇಲೆ ಹೊಡೆಯುತ್ತದೆ. ಬೀದರಿನ ಹುಡುಗಿಯೊಬ್ಬಳು ತನ್ನ ನುಡಿಯಲ್ಲಿ ಅಡುಗೆಯನ್ನೋ ಜನಪದ ಕಥೆಯನ್ನೋ ಹೇಳಿ ನಾಲ್ಕು ಕಾಸು ಗಳಿಸುತ್ತಾಳೆಂದು ಭಾವಿಸೋಣ. ಅರ್ಥವಾಗದ ಒಂದು ಪದಕ್ಕಾಗಿ ಹತ್ತು ಮಂದಿ ದೂರು ಒತ್ತಿ ಅವಳ ತಾಣವನ್ನು ಮುಚ್ಚಿಸಿದರೆ ಕಳೆದುಹೋದದ್ದು ಒಂದು ವಿಡಿಯೋ ಮಾತ್ರವೆ? ಆ ಹತ್ತು ಮಂದಿಯಲ್ಲಿ ಅವಳೊಡನೆ ಪೈಪೋಟಿಗೆ ನಿಂತವರೂ ಇರಬಹುದಲ್ಲವೆ?

ಆದ್ದರಿಂದ ಕಾವಲಿನ ಕಟ್ಟೆಯ ಮೇಲೆ ನಾಡಿನ ಎಲ್ಲ ಸೀಮೆಯವರೂ ಕೂರಬೇಕು. ಪೈಪೋಟಿಯಲ್ಲಿರುವವನು ತೀರ್ಪಿನಿಂದ ತಾನಾಗಿ ಹಿಂದೆ ಸರಿಯಬೇಕು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು, ಎರಡು ಕಡೆಯ ಮಾತನ್ನೂ ಕೇಳದೆ ತೀರ್ಪು ಕೊಡಬಾರದು ಎಂಬುವು ನ್ಯಾಯಾಲಯಗಳಿಗೆ ಮಾತ್ರ ಸೇರಿದ ಸೂತ್ರಗಳಲ್ಲ. ಭಾರತ ಸರ್ಕಾರ 2021ರ ಫೆಬ್ರವರಿಯಲ್ಲಿ ಹೊರಡಿಸಿದ ಮಾಹಿತಿ ತಂತ್ರಜ್ಞಾನ ನಿಯಮಗಳು ಕೂಡ, ದೊಡ್ಡ ತಾಣಗಳು ತಾವಾಗಿ ಒಂದು ಬರೆಹವನ್ನು ತೆಗೆದಾಗ ಕಾರಣ ತಿಳಿಸಬೇಕೆಂದೂ ಬರೆದವನಿಗೆ ವಾದಿಸಲು ಅವಕಾಶ ಕೊಡಬೇಕೆಂದೂ ಹೇಳಿದವು. 2022ರ ತಿದ್ದುಪಡಿಯಿಂದ ಮೇಲ್ಮನವಿಯ ಸಮಿತಿಗಳೂ ಬಂದವು. ಕಾನೂನು ಸಂಸ್ಥೆಗಳನ್ನು ಕಟ್ಟಿಹಾಕಬಲ್ಲದು. ಆದರೆ ಒಬ್ಬ ಸಾಮಾನ್ಯ ಓದುಗ ದೂರಿನ ಗುಂಡಿಯ ಮೇಲೆ ಬೆರಳಿಡುವ ಕ್ಷಣದಲ್ಲಿ ಅವನೊಡನೆ ಕಾನೂನು ಇರುವುದಿಲ್ಲ. ಅವನ ಸಂಸ್ಕಾರ ಮಾತ್ರ ಇರುತ್ತದೆ.

ಆ ಸಂಸ್ಕಾರವನ್ನು ಬೆಳೆಸುವ ಸ್ಥಳ ತರಗತಿ. ಜಾಲದಲ್ಲಿ ಬರೆಯಲು ಅಂಕ ಕೊಡುವ ಅಧ್ಯಾಪಕರು, ಎಷ್ಟು ಬರೆದರೆಂದು ಎಣಿಸುವುದಕ್ಕೆ ಬದಲು ಇಡೀ ತರಗತಿಯ ಬರೆಹ ಎಷ್ಟು ಸುಧಾರಿಸಿತೆಂದು ನೋಡಿ ಅಂಕ ಹಂಚಬಹುದು. ಗೆಳೆಯನ ಬರೆಹವನ್ನು ತೆಗೆಯಬೇಕೆಂದು ಹೇಳುವ ವಿದ್ಯಾರ್ಥಿ ಕಾರಣವನ್ನು ಎರಡು ವಾಕ್ಯಗಳಲ್ಲಿ, ತನ್ನ ಹೆಸರು ಹಾಕಿ ಬರೆಯಲಿ. ಅದನ್ನು ಒಪ್ಪದವನಿಗೆ ಇನ್ನೊಬ್ಬನ ಬಳಿ ಹೋಗುವ ಹಾದಿಯಿರಲಿ. ಕಾವಲಿನ ಸರದಿ ಎಲ್ಲರಿಗೂ ಬರಲಿ. ಒಮ್ಮೆ ತೂಬಿನ ಬಳಿ ನಿಂತವನಿಗೆ ಕಡೆಯ ಗದ್ದೆಯ ಕಷ್ಟ ತಿಳಿಯುತ್ತದೆ. ತಾಣಗಳನ್ನು ಕಟ್ಟುವ ಬೆಂಗಳೂರಿನ ತರುಣರಿಗೂ ಇದೇ ಮಾತು ಸಲ್ಲುತ್ತದೆ. ಕಾಯುವವರನ್ನು ಪುಕ್ಕಟೆಯಾಗಿ ದುಡಿಸಿಕೊಳ್ಳುವುದು ನ್ಯಾಯವಲ್ಲ. ಅವರಿಗೆ ಪಾಲು ಕೊಡಿ. ಆದರೆ ಒಂದೊಂದು ತೀರ್ಪಿಗೆ ಒಂದೊಂದು ದರ ಕಟ್ಟದೆ, ತಾಣದ ಒಟ್ಟು ಕ್ಷೇಮದಿಂದ ಬರುವ ಪಾಲನ್ನು ಕೊಡಿ.

ಕೋಣನಕುಂಟೆಗೆ ಸಮೀಪದಲ್ಲಿ, ಜೆ.ಪಿ.ನಗರದ ಏಳನೆಯ ಹಂತದಲ್ಲಿ ಪುಟ್ಟೇನಹಳ್ಳಿ ಕೆರೆ ಇದೆ. ಅದರ ನೆರೆಯ ನಿವಾಸಿಗಳು 2010ರಲ್ಲಿ ಒಂದು ಟ್ರಸ್ಟ್ ಕಟ್ಟಿಕೊಂಡು, ಹಾಳಾಗುತ್ತಿದ್ದ ಆ ಕೆರೆಯ ಜೀರ್ಣೋದ್ಧಾರಕ್ಕೆ ಕೈಹಾಕಿದರು. ಆ ಕೆರೆಯ ಕೆಳಗೆ ಈಗ ಗದ್ದೆಗಳಿಲ್ಲ. ಸುಗ್ಗಿಯ ಆಯವನ್ನು ಕೊಡುವವರೂ ಇಲ್ಲ. ಕೆರೆ ತುಂಬಿದರೆ, ಹಕ್ಕಿ ಬಂದರೆ, ನೆರೆಯ ಮಕ್ಕಳು ಏರಿಯ ಮೇಲೆ ನಡೆದಾಡಿದರೆ ಅದೇ ಕಾದವರ ಪಾಲು. ಮಾತಿನ ಕೆರೆಯನ್ನು ಕಾಯುವವರಿಗೂ ಕೊನೆಗೆ ಸಲ್ಲಬೇಕಾದ ದೊಡ್ಡ ಪಾಲು ಇಂತಹದೇ. ಅದಕ್ಕೆ ಮೊದಲು, ತೂಬಿನ ಮೇಲಿರುವ ಕೈಯಲ್ಲಿ ಬೇರೆಯವರ ಕಾಸು ಇಲ್ಲದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕೆಲಸ.